ಮೂಗಿಗಿಂತ ಮೂಗುತಿ ಭಾರವಾಗದಿರಲಿ

ಸುಮಾರು ಒಂದು ತಿಂಗಳ ಹಿಂದಿನ ಮಾತು. ಭಾನುವಾರ ಬೆಳಿಗ್ಗೆ ನಾನು ಎರಡನೆಯ ಲೋಟ ಕಾಫಿಗೆ ಕೈ ನೀಡುತ್ತಿದ್ದಾಗ ಎದುರು ಮನೆಯ ತರುಣನು ಬಂದು ಕುಳಿತನು. ಅವನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ತಿಂಗಳ ಖರ್ಚಿನಲ್ಲಿ ಉಳಿಸಿ ಉಳಿಸಿ 30,000 ರೂಪಾಯಿ ಕೂಡಿಸಿದ್ದನು. ಆದರೆ ಅವನ ಕೈಯ ಚೀಟಿಯಲ್ಲಿದ್ದ ಡಿಜಿಟಲ್ ಕ್ಯಾಮೆರಾದ ಬೆಲೆ 70,000. ಮಿಕ್ಕಿದ್ದನ್ನು ಕಂತಿನ ಮೇಲೆ ತೀರಿಸುವನಂತೆ!

"ಯಾರ ಚಿತ್ರ ತೆಗೆಯಬೇಕಪ್ಪ ಇದರಲ್ಲಿ?" ಎಂದು ಕೇಳಿದೆನು.

ಅವನು ತುಸು ಸಂಕೋಚದಿಂದ, "ನಮ್ಮಜ್ಜಿಯದು ಸಾರ್. ಅವರಿಗೆ 87 ನಡೆಯುತ್ತಿದೆ. ಅಡುಗೆಮನೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಾ ಮಾತನಾಡುತ್ತಾರಲ್ಲ, ಅದನ್ನು ಹಿಡಿಯಬೇಕು. ಮೊಬೈಲಿನಲ್ಲಿ ತೆಗೆದರೆ ಕೈಗಳೆಲ್ಲ ಕಲಸಿಹೋಗುತ್ತವೆ" ಎಂದನು.

ಯಾವ ಕ್ಯಾಮೆರಾ ಕೊಳ್ಳಬೇಕೆಂಬ ಪ್ರಶ್ನೆಗೆ ಅವನು ತಾನೇ ಉತ್ತರ ಹೇಳಿದ್ದನು. ಅದು ಅವನಿಗೆ ತಿಳಿದಿರಲಿಲ್ಲ, ಅಷ್ಟೆ. ಅಂಗಡಿಗೆ ಹೋಗುವವರು ಸಾಮಾನ್ಯವಾಗಿ "ಯಾವುದು ಒಳ್ಳೆಯದು?" ಎಂದು ಕೇಳುತ್ತಾರೆ. ಕೇಳಬೇಕಾದದ್ದು "ನನ್ನ ಚಿತ್ರಕ್ಕೆ ಯಾವುದು ಬೇಕು?" ಎಂದು. ಹಗಲು ಬೆಳಕಿನ ಪ್ರವಾಸ, ಮಕ್ಕಳ ಶಾಲಾ ವಾರ್ಷಿಕೋತ್ಸವದ ಗುಂಪುಚಿತ್ರ, ಇವಿಷ್ಟೇ ಆದರೆ ಜೇಬಿನಲ್ಲಿರುವ ಮೊಬೈಲೇ ಸಾಕು. ಒಂದು ಕಾಸೂ ಖರ್ಚು ಮಾಡಬೇಕಾಗಿಲ್ಲ. ಮಂದ ಬೆಳಕಿನಲ್ಲಿ ಅಲುಗಾಡುವ ಕೈಗಳನ್ನು ಹಿಡಿಯುವುದು ಮಾತ್ರ ಬೇರೆಯೇ ಕೆಲಸ.

ಜಾಹೀರಾತುಗಳು ಮೊದಲು ಕೂಗುವುದು ಮೆಗಾಪಿಕ್ಸೆಲ್ ಎಂಬ ಅಂಕಿಯನ್ನು. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಬಿಂದುಗಳು. ಅಂಗುಲಕ್ಕೆ 300 ಬಿಂದುಗಳಂತೆ 6×4 ಅಂಗುಲದ ಚಿತ್ರವನ್ನು ಮುದ್ರಿಸಲು ಬೇಕಾದದ್ದು ಸುಮಾರು 22 ಲಕ್ಷ ಬಿಂದು. 10×8 ಅಂಗುಲದ ಚಿತ್ರವನ್ನು ಗೋಡೆಗೆ ತೂಗುಹಾಕಲು 72 ಲಕ್ಷ. ಹತ್ತು ವರ್ಷ ಹಳೆಯ ಸಾಧಾರಣ ಕ್ಯಾಮೆರಾದಲ್ಲಿಯೂ ಇದರ ಎರಡರಷ್ಟು ಇರುತ್ತದೆ. 1975ರಲ್ಲಿ ಕೊಡಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊತ್ತಮೊದಲ ಡಿಜಿಟಲ್ ಕ್ಯಾಮೆರಾ ಮೂರೂವರೆ ಕಿಲೋಗ್ರಾಂಗೂ ಮಿಗಿಲಾಗಿ ತೂಗುತ್ತಿತ್ತು. ಕೇವಲ 10,000 ಬಿಂದುಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು. ಅಲ್ಲಿಂದ ನಾವು ಎಷ್ಟೋ ದೂರ ಬಂದಿದ್ದೇವೆ. ಬಿಂದುಗಳ ಬಡತನ ಈಗ ಯಾರಿಗೂ ಇಲ್ಲ.

ಇರುವುದು ಬೆಳಕಿನ ಬಡತನ. ಆದ್ದರಿಂದ ಹಣವನ್ನು ಮೊದಲು ಲೆನ್ಸಿಗೆ ತೆಗೆದಿಡಬೇಕು. ಕ್ಯಾಮೆರಾದೊಡನೆ ಬರುವ 18-55 ಮಿಲಿಮೀಟರಿನ ಜೂಮ್ ಲೆನ್ಸನ್ನು ಪೂರ್ತಿ ಎಳೆದಾಗ ಅದರ ಬೆಳಕಿನ ಕಿಂಡಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಜೂಮ್ ಇಲ್ಲದ, 35 ಅಥವಾ 50 ಮಿಲಿಮೀಟರಿನ ಚಿಕ್ಕ ಲೆನ್ಸು ಎಫ್ 1.8ರವರೆಗೆ ತೆರೆಯುತ್ತದೆ. ಅಂಕಿ ಇಳಿದಷ್ಟೂ ಕಿಂಡಿ ದೊಡ್ಡದು. ಲೆಕ್ಕ ಹಾಕಿದರೆ ಇದು ಅದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಮೊದಲನೆಯದಕ್ಕೆ ಸೆಕೆಂಡಿನ 15ರಲ್ಲಿ ಒಂದು ಭಾಗ ಬೇಕಾದ ಕಡೆ ಇದಕ್ಕೆ 125ರಲ್ಲಿ ಒಂದು ಭಾಗ ಸಾಕು. ಅಜ್ಜಿಯ ಬೆರಳುಗಳು ನಿಲ್ಲುವುದು ಅಲ್ಲಿ. ಸಣ್ಣ ಅಡುಗೆಮನೆಯಲ್ಲಿ ಹಿಂದೆ ಸರಿಯಲು ಜಾಗವಿರುವುದಿಲ್ಲವಾದ್ದರಿಂದ 50ಕ್ಕಿಂತ 35 ಹೆಚ್ಚು ಅನುಕೂಲ.

ಲೆನ್ಸಿಗೆ ಹಣ ಉಳಿಯಬೇಕಾದರೆ ಕ್ಯಾಮೆರಾದಲ್ಲಿ ಮಿಗಿಸಬೇಕು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ಕನ್ನಡಿಯಿಲ್ಲದ ದೊಡ್ಡ ಸೆನ್ಸರಿನ ಹೊಸ ಸರಣಿಗಳನ್ನು ಹೊರತಂದ ಮೇಲೆ ಬಹಳ ಮಂದಿ ತಮ್ಮ ಹಳೆಯ ಡಿ.ಎಸ್.ಎಲ್.ಆರ್. ಕ್ಯಾಮೆರಾಗಳನ್ನು ಮಾರಿದರು. ಅವು ತೆಗೆಯುವ ಚಿತ್ರವೇನೂ ಕೆಟ್ಟಿಲ್ಲ, ಬೆಲೆ ಮಾತ್ರ ಇಳಿದಿದೆ. ಆದರೆ ಸೆಕೆಂಡ್‌ಹ್ಯಾಂಡ್ ಸರಕನ್ನು ಕಣ್ಣು ಮುಚ್ಚಿಕೊಂಡು ಕೊಳ್ಳಬಾರದು. ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿರಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಸರು. ಮಲೆನಾಡು, ಕರಾವಳಿಗಳ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದನ್ನು ವಿಶೇಷವಾಗಿ ಹುಡುಕಬೇಕು. ಶಟರ್ ಎಷ್ಟು ಬಾರಿ ಬಡಿದಿದೆಯೆಂದು ಕೇಳಿರಿ. ನಿಮ್ಮದೇ ಕಾರ್ಡ್ ಹಾಕಿ ಹತ್ತು ಚಿತ್ರ ತೆಗೆದು, ಮನೆಯ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದ ಮೇಲೆ ಹಣ ಕೊಡಿರಿ. ಬಿಲ್ಲಿನ ಕ್ರಮಸಂಖ್ಯೆಯೂ ಕ್ಯಾಮೆರಾದ ಕ್ರಮಸಂಖ್ಯೆಯೂ ಒಂದೇ ಆಗಿರಲಿ.

ಇನ್ನೊಂದು ಹೊಂಡವಿದೆ. ನಿಕಾನಿನ ಡಿ3500, ಡಿ5600ರಂತಹ ಕೆಳದರ್ಜೆಯ ಮಾದರಿಗಳ ಒಳಗೆ ಫೋಕಸ್ ಮಾಡುವ ಮೋಟಾರು ಇಲ್ಲ. ಅವಕ್ಕೆ 'ಎ.ಎಫ್-ಎಸ್' ಎಂದು ಬರೆದಿರುವ, ತನ್ನೊಳಗೇ ಮೋಟಾರುಳ್ಳ ಲೆನ್ಸು ಬೇಕು. ಬರಿಯ 'ಎ.ಎಫ್' ಎಂದಿರುವ ಹಳೆಯ ಲೆನ್ಸು ಅಗ್ಗವೆಂದು ಕೊಂಡವರು ಪ್ರತಿ ಚಿತ್ರಕ್ಕೂ ಕೈಯಿಂದಲೇ ಉಂಗುರ ತಿರುಗಿಸಬೇಕಾಗುತ್ತದೆ.

ಇನ್ನು ಜೊತೆಯ ಸಾಮಾನುಗಳು. ಗಾಜಿನ ಫಿಲ್ಟರ್, ಅಲುಗಾಡುವ ಅಗ್ಗದ ಮುಕ್ಕಾಲಿ, ಹತ್ತು ಖಾನೆಯ ಚೀಲ, ಇವನ್ನೆಲ್ಲ ಮುಂದಕ್ಕೆ ಹಾಕಬಹುದು. ಮುಕ್ಕಾಲಿಗೆ ಬದಲು ಮನೆಯ ಸ್ಟೂಲೂ ಕ್ಯಾಮೆರಾದಲ್ಲಿಯೇ ಇರುವ ಸೆಲ್ಫ್ ಟೈಮರೂ ಸಾಕು. ಫ್ಲ್ಯಾಷಿಗೆ ಬದಲು ಕಿಟಕಿ ಇದೆ. ಕ್ಯಾಮೆರಾವನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟರೆ ಬೂಸರಿನ ಭಯವೂ ತಗ್ಗುತ್ತದೆ. ಬಿಡಬಾರದವು ಮೂರು: ಇನ್ನೊಂದು ಬ್ಯಾಟರಿ, ನಂಬಿಕೆಯ ಅಂಗಡಿಯಲ್ಲಿ ಕೊಂಡ ಅಸಲಿ ಕಾರ್ಡ್, ಮತ್ತು ಪ್ರತಿಗಳನ್ನು ಇಡಲು ಒಂದು ಹಾರ್ಡ್ ಡಿಸ್ಕ್.

ಈ ಮೂರನೆಯದರ ವಿಷಯದಲ್ಲಿ ನನಗೆ ಆದದ್ದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಕೈಯಲ್ಲಿದ್ದುದನ್ನೆಲ್ಲ ಸುರಿದು ದೊಡ್ಡ ಕ್ಯಾಮೆರಾ ಕೊಂಡೆನು. ಕುದುರೆ ಕೊಂಡವನಿಗೆ ಲಗಾಮಿಗೆ ಹಣವಿರಲಿಲ್ಲ. ಇದ್ದದ್ದು ಒಂದೇ ಕಾರ್ಡ್. ಆ ದೀಪಾವಳಿಯಲ್ಲಿ ನಮ್ಮ ತಾಯಿ ಮೊಮ್ಮಕ್ಕಳಿಗೆ ಎಣ್ಣೆ ಹಚ್ಚಿದ್ದು, ಹೊಸಿಲ ಮೇಲೆ ಹಣತೆ ಇಟ್ಟದ್ದು, ಎಲ್ಲವೂ ಅದರಲ್ಲಿತ್ತು. "ಇನ್ನೊಂದು ಪ್ರತಿ ಮಾಡಿಕೊಂಡರಾಯಿತು, ಅವಸರವೇನು?" ಎಂದುಕೊಂಡು ದಿನ ತಳ್ಳಿದೆನು. ಒಂದು ದಿನ ಆ ಕಾರ್ಡ್ ಓದಿಸಿಕೊಳ್ಳುವುದನ್ನೇ ನಿಲ್ಲಿಸಿತು; ರಿಪೇರಿಯವರೂ ಕೈಚೆಲ್ಲಿದರು. ಮರುವರ್ಷದ ದೀಪಾವಳಿಗೆ ತಾಯಿ ಇರಲಿಲ್ಲ. ಕ್ಯಾಮೆರಾ ಇನ್ನೂ ಬೀರುವಿನಲ್ಲಿದೆ, ಸುಸ್ಥಿತಿಯಲ್ಲಿದೆ.

ಇದನ್ನು ಕೇಳಿದ ಮೇಲೆ ತರುಣನು ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟನು. ಇಬ್ಬರೂ ಕುಳಿತು ಹೊಸ ಲೆಕ್ಕ ಬರೆದೆವು. ಎರಡು ವಾರ ಹುಡುಕಿದ ಮೇಲೆ ಹಳೆಯ ಕ್ಯಾಮೆರಾ, ಜೂಮ್ ಸಹಿತ, 15,500ಕ್ಕೆ ಸಿಕ್ಕಿತು. 35 ಮಿಲಿಮೀಟರಿನ ಲೆನ್ಸು, ಅದೂ ಸೆಕೆಂಡ್‌ಹ್ಯಾಂಡ್, 7,500. ಬ್ಯಾಟರಿ ಮತ್ತು ಕಾರ್ಡಿಗೆ 2,000. ಹಾರ್ಡ್ ಡಿಸ್ಕಿಗೆ 4,500. ಉಳಿದ 500 ರೂಪಾಯಿ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಲು. ಹಾಸಿಗೆ ಇದ್ದಷ್ಟೇ ಕಾಲು ಚಾಚಿದ್ದಾಯಿತು. ಕಂತಿನ ಮಾತೇ ಬರಲಿಲ್ಲ.

ಮೊನ್ನೆ ಸಂಜೆ ಅವನು ಮೊದಲ ಚಿತ್ರವನ್ನು ತಂದು ತೋರಿಸಿದನು. ಹಿತ್ತಿಲ ಬಾಗಿಲಿನಿಂದ ಬಂದ ಬೆಳಕು, ಮೊರದ ತುಂಬ ಅವರೆಕಾಯಿ, ಸಿಪ್ಪೆಯನ್ನು ಬಿಡಿಸುತ್ತಿರುವ ಸುಕ್ಕುಗಟ್ಟಿದ ಹೆಬ್ಬೆರಳು ಸ್ಪಷ್ಟವಾಗಿ ನಿಂತಿತ್ತು. ಅಜ್ಜಿ ಏನೆಂದರೆಂದು ಕೇಳಿದೆನು.

"'ಹಳೇ ಸೀರೆ ಕಣೋ, ಮೊದಲೇ ಹೇಳಿದ್ರೆ ಬೇರೆ ಉಡ್ತಿದ್ದೆ' ಅಂತ ಬೈದರು ಸಾರ್" ಎಂದನು. "ಆಮೇಲೆ ಅದನ್ನು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು. ನಿಮಗೆ ತಂದಿರುವುದು ಎರಡನೆಯ ಪ್ರತಿ."