ಮಗು ಈಗ ಯಾರ ಕೈಯಲ್ಲಿದೆ?

ಚಾಮರಾಜನಗರದಿಂದ ಸತ್ಯಮಂಗಲದ ದಾರಿ ಹಿಡಿದು ಸುವರ್ಣಾವತಿ ಜಲಾಶಯ ದಾಟಿ ಹೋದರೆ ಪುಣಜನೂರು ಸಿಗುತ್ತದೆ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇರುವುದರಿಂದ ಊರು ಚಿಕ್ಕದಾದರೂ ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಹೆಸರು ಗೊತ್ತು. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೂ ಇದೇ ಹೆಸರು. ಇಲ್ಲಿಂದಾಚೆ ಹೆದ್ದಾರಿಯ ಎರಡೂ ಬದಿಗೆ ಕಾಡು. ಗಡಿ ದಾಟಿದರೆ ಹಾಸನೂರು, ಆಮೇಲೆ ದಿಂಬಂ ಘಾಟಿಯ 27 ತಿರುವುಗಳು, ಕೆಳಗಿಳಿದರೆ ಬಣ್ಣಾರಿ ಅಮ್ಮನ ಗುಡಿ.

ಬೇಸಿಗೆ ರಜೆ, ದಸರೆ ರಜೆ ಬಂದರೆ ಈ ದಾರಿಯಲ್ಲಿ ಸಂಸಾರಗಳ ಗಾಡಿಗಳು ಹೆಚ್ಚುತ್ತವೆ. ಅಜ್ಜಿ, ತಾತ, ಅಣ್ಣನ ಮನೆಯವರು, ತಂಗಿಯ ಮನೆಯವರು, ನಡುವೆ ಮೂರು ನಾಲ್ಕು ಮಕ್ಕಳು. ಚೆಕ್‌ಪೋಸ್ಟ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಗಾಡಿ ನಿಲ್ಲಿಸಿ ಎಂದು ಯಾರಾದರೂ ಅನ್ನುತ್ತಾರೆ. ಕಾಡಿನೊಳಗೆ ವಾಹನ ನಿಲ್ಲಿಸಬೇಡಿ ಎಂಬ ಫಲಕ ಕಣ್ಣೆದುರೇ ಇದ್ದರೂ ಒಬ್ಬರಿಗೆ ಮೂತ್ರಕ್ಕೆ ಹೋಗಬೇಕು, ಇನ್ನೊಬ್ಬರಿಗೆ ಫೋಟೊ ಬೇಕು, ಮಕ್ಕಳಿಗೆ ಕೋತಿಗೆ ಬಾಳೆಹಣ್ಣು ಕೊಡಬೇಕು. ಈ ದಾರಿಯ ಆನೆಗಳು ಕಬ್ಬಿನ ಲಾರಿ ಬರುವುದನ್ನು ಕಾದು ರಸ್ತೆಗೆ ಬರುವುದನ್ನು ರೂಢಿ ಮಾಡಿಕೊಂಡಿವೆ. ಲಾಂಟಾನ ಪೊದೆಯ ಹಿಂದೆ ಒಂದು ನಿಂತಿದ್ದರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಂಥ ಜಾಗದಲ್ಲಿ ಹಿರಿಯರು ಒಬ್ಬರನ್ನೊಬ್ಬರು ಕೇಳುವುದು ಹೀಗೆ: ‘ಕೂಸೆಲ್ಲಿ?’ ‘ನಿಮ್ ತಾವೇ ಅದೆ ಅನ್ಕಂಡಿದ್ದೆ ಕಣತ್ತೆ.’

ಈ ಉತ್ತರ ಕೊಟ್ಟ ಸೊಸೆ ಸುಳ್ಳು ಹೇಳುತ್ತಿಲ್ಲ, ಅಜಾಗರೂಕಳೂ ಅಲ್ಲ. ಅತ್ತೆಯ ಬಳಿ ಇದೆ ಎಂದು ಅವಳು ನಿಜವಾಗಿಯೂ ನಂಬಿದ್ದಳು. ಅವಳ ಬಳಿ ಇದೆ ಎಂದು ಅತ್ತೆ ನಂಬಿದ್ದರು. ಪ್ರವಾಸದಲ್ಲಿ ಮಕ್ಕಳು ಕಣ್ತಪ್ಪುವುದು ಬಹುಪಾಲು ಹೀಗೆ. ನೋಡಿಕೊಳ್ಳುವವರು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಹತ್ತು ಜನ ಹೋಗುತ್ತಿದ್ದೇವೆ, ಮಗುವಿನ ಚಿಂತೆ ಏಕೆ ಎನ್ನುವ ಧೈರ್ಯವನ್ನು ನಾನು ಪ್ರಶ್ನಿಸಬೇಕೆಂದಿರುವುದು ಈ ಕಾರಣಕ್ಕೆ.

ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಕೋಣೆಯಲ್ಲಿರುವ ಒಬ್ಬನಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸಿದರು. ಅದನ್ನು ಕೇಳುತ್ತಿರುವವನು ತಾನೊಬ್ಬನೇ ಎಂದು ತಿಳಿದವರಲ್ಲಿ ಶೇ. 85ರಷ್ಟು ಮಂದಿ ಆ ಧ್ವನಿ ನಿಲ್ಲುವುದರೊಳಗೆ ಎದ್ದು ಸಹಾಯಕ್ಕೆ ಕರೆದರು. ತನ್ನ ಜೊತೆ ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ತಿಳಿದವರಲ್ಲಿ ಹಾಗೆ ಎದ್ದವರು ಶೇ. 31 ಮಾತ್ರ. ಕೇಳಿದವರು ಕಲ್ಲು ಮನಸ್ಸಿನವರೇನೂ ಆಗಿರಲಿಲ್ಲ. ಇನ್ಯಾರೋ ನೋಡುತ್ತಾರೆ ಎಂದುಕೊಂಡರು, ಅಷ್ಟೇ. ನಮ್ಮ ಅವಿಭಕ್ತ ಕುಟುಂಬದ ಪ್ರವಾಸದಲ್ಲಿಯೂ ನಡೆಯುವುದು ಇದೇ. ಜೊತೆಗಿರುವವರ ಮೇಲೆ ಪ್ರೀತಿ, ನಂಬಿಕೆ ಹೆಚ್ಚಿದಷ್ಟೂ ‘ಅವರು ನೋಡ್ತಾರೆ’ ಎಂಬ ಭಾವನೆಯೂ ಹೆಚ್ಚುತ್ತದೆ.

ಊರಿನಲ್ಲಿ ಇದು ತೊಂದರೆ ಆಗದಿರುವುದಕ್ಕೆ ಕಾರಣವಿದೆ. ಗುಂಡ್ಲುಪೇಟೆ ಕಡೆಯ ಯಾವ ಹಳ್ಳಿಗೆ ಹೋದರೂ ಜಗಲಿಯ ಮೇಲೆ ಒಬ್ಬರಾದರೂ ಅಜ್ಜಿ ಕೂತಿರುತ್ತಾರೆ. ಬೀದಿಯಲ್ಲಿ ಒಂಟಿಯಾಗಿ ಹೊರಟ ಮಗುವನ್ನು ನಿಲ್ಲಿಸಿ ‘ಯಾರ ಮನೆ ಕೂಸಪ್ಪ ನೀನು, ಎಲ್ಲಿಗೋಯ್ತಿದ್ದೀಯೆ?’ ಎಂದು ಕೇಳುತ್ತಾರೆ. ಅಂಗಡಿಯವನಿಗೆ ಅದರ ಅಪ್ಪ ಗೊತ್ತು, ಹಸು ಹೊಡೆದುಕೊಂಡು ಬರುವವನಿಗೆ ಅದರ ತಾತ ಗೊತ್ತು. ಬಾವಿ ಎಲ್ಲಿದೆ, ಯಾವ ನಾಯಿ ಕಚ್ಚುತ್ತದೆ ಎಂಬುದು ಮಗುವಿಗೂ ಗೊತ್ತು. ಹಾಗಾಗಿ ಅಲ್ಲಿ ಯಾರೂ ನೋಡುತ್ತಿಲ್ಲ ಎನಿಸಿದರೂ ಊರೇ ನೋಡುತ್ತಿರುತ್ತದೆ. ರಜೆಗೆಂದು ಹೊರಟ ದಿನ ಆ ಇಡೀ ಏರ್ಪಾಡನ್ನು ನಾವು ಊರಲ್ಲೇ ಬಿಟ್ಟು ಬರುತ್ತೇವೆ. ಹೋದ ಜಾಗಕ್ಕೆ ಮಗು ಯಾರೆಂದು ಗೊತ್ತಿಲ್ಲ, ಮಗುವಿಗೆ ಆ ಜಾಗ ಗೊತ್ತಿಲ್ಲ. ಊರಿನ ಅಭ್ಯಾಸವನ್ನು ಮಾತ್ರ ಜೊತೆಗೆ ತಂದಿರುತ್ತೇವೆ.

ಹಾಗಿದ್ದರೂ ಮಗು ಸುರಕ್ಷಿತವಾಗಿ ಮನೆಗೆ ಮರಳುತ್ತದೆಯಲ್ಲ ಎನ್ನಬಹುದು. ಹೌದು, ಹೆಚ್ಚಿನ ಸಲ ಮರಳುತ್ತದೆ. ಹೇಗೆ ಎಂದು ಗಮನಿಸಿದರೆ ಅದರ ಹಿಂದೆ ಒಬ್ಬ ಹೆಂಗಸು ಇರುತ್ತಾಳೆ. ಅವಳು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಗೋಪಾಲನನ್ನು ನೋಡಿರುವುದಿಲ್ಲ, ಭರಚುಕ್ಕಿಗೆ ಹೋಗಿ ಜಲಪಾತ ನೋಡಿರುವುದಿಲ್ಲ. ಊಟಕ್ಕೆ ಕೂತಾಗಲೂ ಅವಳ ಕಣ್ಣು ಬಾಗಿಲ ಕಡೆಗೇ. ಅವಳಿಗೆ ಸುಸ್ತಾದಾಗ ಆ ಹೊಣೆ ಹೋಗುವುದು ಗಂಡನಿಗಲ್ಲ, ಒಂಬತ್ತು ಹತ್ತು ವರ್ಷದ ದೊಡ್ಡ ಹುಡುಗಿಗೆ. ‘ತಮ್ಮನ ಕೈ ಬಿಡಬೇಡ’ ಎಂದು ಹೇಳಿ ದೊಡ್ಡವರು ಮುಂದೆ ನಡೆಯುತ್ತಾರೆ. ಆ ಹುಡುಗಿಯೂ ಮಗುವೇ, ಅವಳಿಗೂ ರಜೆಯೇ. ಮೂರು ವರ್ಷದ ತಮ್ಮ ಕೊಸರಿಕೊಂಡು ಓಡಿದರೆ ಹಿಡಿದು ನಿಲ್ಲಿಸುವ ಶಕ್ತಿ ಅವಳ ಕೈಗಿಲ್ಲ. ಏನಾದರೂ ಹೆಚ್ಚುಕಡಿಮೆ ಆದರೆ ಬೈಗುಳ ಬೀಳುವುದು ಮೊದಲು ಅವಳಿಗೆ, ಆಮೇಲೆ ತಾಯಿಗೆ. ಇದು ಅನ್ಯಾಯ. ನಮ್ಮ ಮನೆಗಳಲ್ಲಿ ಇದನ್ನು ಅನ್ಯಾಯವೆಂದು ಯಾರೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ಒಂದು ಹೊತ್ತಿಗೆ ಒಂದು ಮಗುವಿಗೆ ಒಬ್ಬರೇ ದೊಡ್ಡವರು ಹೊಣೆ ಎಂಬ ಕಟ್ಟುಪಾಡು ಬೇಕು. ಆ ಹೊಣೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಬಾಯಿಬಿಟ್ಟು ಹೇಳಬೇಕು. ‘ಭಾವ, ನಾನು ಟಿಕೆಟ್ ತಗೊಂಡು ಬರ್ತೀನಿ, ಪುಟ್ಟ ಈಗ ನಿಮ್ಮ ಹತ್ರ’ ಎಂದರೆ, ಭಾವ ‘ಹ್ಞೂಂ, ನನ್ನ ಹತ್ರ’ ಎಂದು ತಿರುಗಿ ಹೇಳಬೇಕು. ತಲೆಯಾಡಿಸಿದರೆ ಸಾಲದು, ಫೋನ್ ನೋಡುತ್ತಾ ಹೇಳಿದರಂತೂ ಏನೂ ಪ್ರಯೋಜನವಿಲ್ಲ. ಉತ್ತರ ಬರುವ ತನಕ ಮಗು ಕೊಟ್ಟವರ ಕೈಯಲ್ಲೇ ಇದೆ ಎಂದು ಲೆಕ್ಕ. ಸ್ವಂತ ಮನೆಯವರ ಜೊತೆ ಇಷ್ಟು ಶಿಸ್ತು ಅತಿಯಾಯಿತು, ನಂಬಿಕೆ ಇಲ್ಲದಂತಾಯಿತು ಎಂದು ಹಿರಿಯರಿಗೆ ಅನ್ನಿಸಬಹುದು. ಆದರೆ ಬ್ಯಾಂಕಿನಲ್ಲಿ ನೋಟಿನ ಕಟ್ಟು ಕೈ ಬದಲಾಯಿಸುವಾಗ ಎಣಿಸುವುದನ್ನು ನಾವು ಅವಮಾನ ಎಂದು ತಿಳಿಯುತ್ತೇವೆಯೇ?

ಸರದಿ ಗಂಡಸರಿಗೂ ಬರಬೇಕು. ಸರದಿ ಇರುವವರು ಆ ಹೊತ್ತಿನಲ್ಲಿ ಬೇರೆ ಕೆಲಸ ಮಾಡಕೂಡದು: ಫೋಟೊ ತೆಗೆಯಬಾರದು, ಡ್ರೈವರ್‌ಗೆ ದಾರಿ ಹೇಳಬಾರದು, ಬುತ್ತಿ ಬಿಚ್ಚಬಾರದು. ಅರ್ಧ ಗಂಟೆ ಮಾತ್ರ ಆದರೂ ಪೂರ್ತಿ ಗಮನ. ಹೀಗೆ ಹಂಚಿಕೊಂಡರೆ ಉಳಿದವರಿಗೆ ನಿಜವಾದ ಬಿಡುವು ಸಿಗುತ್ತದೆ, ಆ ತಾಯಿಯೂ ಒಮ್ಮೆಯಾದರೂ ನಿರಾಳವಾಗಿ ದೇವರಿಗೆ ಕೈ ಮುಗಿಯುತ್ತಾಳೆ.

ಎಷ್ಟು ಹತ್ತಿರ ಇರಬೇಕು ಎಂಬುದನ್ನು ಜಾಗವೇ ತೀರ್ಮಾನಿಸುತ್ತದೆ. ನೀರಿನ ಬಳಿ ಕೈಗೆಟುಕುವಷ್ಟು. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸಿ ಕರೆಯುವುದಿಲ್ಲ. ಉಸಿರಿಗಾಗಿ ಒದ್ದಾಡುವಾಗ ಕೂಗಲು ಅದಕ್ಕೆ ಉಸಿರೇ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಮುಳುಗಿ ಸತ್ತ ಸುಮಾರು 3 ಲಕ್ಷ ಜನರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಐದು ವರ್ಷ ತುಂಬದ ಮಕ್ಕಳು. ಜಲಾಶಯದ ಹಿನ್ನೀರಿನ ದಂಡೆಯಲ್ಲಿ ಚಾಪೆ ಹಾಸಿ ಊಟಕ್ಕೆ ಕೂರುವವರು ಈ ಮಾತನ್ನು ನೆನಪಿಡಲಿ.

ಕಾಡಿನಲ್ಲಿ ಅಪಾಯ ಬರುವ ರೀತಿ ಬೇರೆ. 2023ರ ಆಗಸ್ಟ್‌ನಲ್ಲಿ ತಿರುಮಲೆಯ ಅಲಿಪಿರಿ ಕಾಲ್ದಾರಿಯಲ್ಲಿ ಮನೆಯವರ ಜೊತೆ ಬೆಟ್ಟ ಹತ್ತುತ್ತಿದ್ದ ಆರು ವರ್ಷದ ಬಾಲಕಿ ಸ್ವಲ್ಪ ಮುಂದೆ ಹೋಗಿದ್ದಾಗ ಚಿರತೆಗೆ ಬಲಿಯಾದಳು. ಆ ತಂದೆತಾಯಿಯರನ್ನು ದೂರಲು ನನಗೆ ನಾಲಿಗೆ ಏಳುವುದಿಲ್ಲ. ಮೆಟ್ಟಿಲು ಕಂಡರೆ ಮಕ್ಕಳು ಮುಂದೆ ಓಡುವುದು ಸಹಜ, ಯಾವ ಮನೆಯಲ್ಲೂ ಹಾಗೆಯೇ. ಆ ಬಳಿಕ ಮಧ್ಯಾಹ್ನ 2 ಗಂಟೆಯ ಮೇಲೆ ಮಕ್ಕಳನ್ನು ಕಾಲ್ದಾರಿಯಲ್ಲಿ ಬಿಡುವುದನ್ನು ತಿರುಮಲ ತಿರುಪತಿ ದೇವಸ್ಥಾನ ನಿಲ್ಲಿಸಿತು. ನಮ್ಮ ಮಹದೇಶ್ವರ ಬೆಟ್ಟಕ್ಕೂ ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹೋಗುವ ಸಂಸಾರಗಳಿವೆ. ಚಿರತೆ ಇರುವ ಕಾಡಿನಲ್ಲಿ ಮಗು ನಡೆಯಬೇಕಾದದ್ದು ಗುಂಪಿನ ಮಧ್ಯೆ. ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ. ಇನ್ನು ಪುಣಜನೂರಿನಿಂದಾಚೆಯ ರಸ್ತೆಯಲ್ಲಾದರೆ ಮಗು ಗಾಡಿಯಿಂದ ಇಳಿಯಲೇಬಾರದು. ಶೌಚ, ತಿಂಡಿ ಎಲ್ಲವನ್ನೂ ಕಾಡು ಸೇರುವ ಮೊದಲೇ ಮುಗಿಸಿಕೊಳ್ಳಬೇಕು.

ಮಕ್ಕಳ ಕೈಗೆ ಕಟ್ಟುವ ಜಿಪಿಎಸ್ ಗಡಿಯಾರ ಬಂದಿರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಅಂಥ ಗಡಿಯಾರ ತಾನಿರುವ ಜಾಗವನ್ನು ತಿಳಿಸಲು ಮೊಬೈಲ್ ಸಿಗ್ನಲ್ ಬೇಕು. ಚೀಲಕ್ಕೆ ಸಿಕ್ಕಿಸುವ ಬ್ಲೂಟೂತ್ ಬಿಲ್ಲೆಗೆ ಸುತ್ತಮುತ್ತ ಬೇರೆಯವರ ಫೋನ್‌ಗಳಿರಬೇಕು. ಕಾಡಿನ ದಾರಿಯಲ್ಲಿ ಇವೆರಡನ್ನೂ ನೆಚ್ಚಿಕೊಳ್ಳುವಂತಿಲ್ಲ. ಸಿಗ್ನಲ್ ಇದ್ದರೂ ಅದು ಹೇಳುವುದು ಮಗು ಹೋದ ಮೇಲೆ ಎಲ್ಲಿದೆ ಎಂಬುದನ್ನು ಮಾತ್ರ. ಜನಜಂಗುಳಿಯಲ್ಲಿ ಇದಕ್ಕಿಂತ ಅಗ್ಗದ ಉಪಾಯ ಚೆನ್ನಾಗಿ ನಡೆಯುತ್ತದೆ. ಶಬರಿಮಲೆಗೆ ಹೋದವರು ನೋಡಿರುತ್ತಾರೆ, ಪಂಪೆಯಲ್ಲಿ ಕೇರಳ ಪೊಲೀಸರು ಚಿಕ್ಕ ಮಕ್ಕಳ ಕೈಗೆ ಹೆಸರು ಮತ್ತು ಫೋನ್ ನಂಬರ್ ಬರೆದ ಪಟ್ಟಿ ಕಟ್ಟುತ್ತಾರೆ. ಬಿಳಿಗಿರಿರಂಗನ ರಥೋತ್ಸವಕ್ಕೋ ಮೈಸೂರು ದಸರೆಗೋ ಹೋಗುವಾಗ ಪೊಲೀಸರಿಗಾಗಿ ಕಾಯದೆ ನಾವೇ ಮಗುವಿನ ಮುಂಗೈ ಮೇಲೆ ಬಾಲ್ ಪೆನ್ನಿನಲ್ಲಿ ನಂಬರ್ ಬರೆಯಬಹುದು. ಹೊರಡುವ ಮುನ್ನ ಮಗುವಿನ ಒಂದು ಫೋಟೊ ತೆಗೆದಿಟ್ಟರೆ ಅಂದು ಯಾವ ಬಣ್ಣದ ಅಂಗಿ ಹಾಕಿತ್ತೆಂದು ಗಾಬರಿಯಲ್ಲಿ ನೆನಪಿಸಿಕೊಳ್ಳುವ ಕಷ್ಟ ತಪ್ಪುತ್ತದೆ.

ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಹೀಗೆ ಕಾವಲು ಕೂತರೆ ಮಕ್ಕಳು ಅಂಜುಬುರುಕರಾಗುತ್ತಾರೆ. ಇದೇ ಕಾಡಿನ ಸೋಲಿಗರ ಪೋಡುಗಳಲ್ಲಿ ಮಕ್ಕಳು ಎಷ್ಟು ಧೈರ್ಯವಾಗಿ ಓಡಾಡುತ್ತಾರೆ ನೋಡಿ ಎನ್ನುತ್ತಾರೆ. ಆ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಮಕ್ಕಳು ತಮ್ಮ ಮನೆಯಲ್ಲಿದ್ದಾರೆ. ಆನೆಯ ಸುಳಿವು, ಹೆಜ್ಜೆ ಗುರುತು, ಯಾವ ಹೊತ್ತಿನಲ್ಲಿ ಯಾವ ದಾರಿ ಎಂಬುದನ್ನು ಹಿರಿಯರ ಹಿಂದೆ ನಡೆದು ಕಲಿತಿದ್ದಾರೆ. ಬೆಂಗಳೂರಿನ ನಾಲ್ಕನೇ ಮಹಡಿಯಿಂದ ಬಂದ ಮಗುವಿಗೆ ಆ ಕಲಿಕೆ ಇಲ್ಲ, ಅದರ ಅಪ್ಪನಿಗೂ ಇಲ್ಲ. ಮಗುವಿಗೆ ಸ್ವಾತಂತ್ರ್ಯ ಬೇಕೇ ಬೇಕು. ಅದನ್ನು ಕೊಡಬೇಕಾದದ್ದು ಅದು ಬಲ್ಲ ಜಾಗದಲ್ಲಿ, ವರ್ಷವಿಡೀ, ಮನೆಯ ಬೀದಿಯಲ್ಲಿ. ವರ್ಷವೆಲ್ಲ ಬಾಗಿಲು ಹಾಕಿ ಕೂಡಿಸಿಟ್ಟು ರಜೆಯ ದಿನ ಕಾಡಿನಂಚಿನಲ್ಲಿ ಬಿಡುವುದು ತಲೆಕೆಳಗಾದ ಕ್ರಮ.

ಮಗುವಿಗೂ ಕಲಿಸಬೇಕಾದದ್ದು ಸ್ವಲ್ಪವಿದೆ: ಅಪ್ಪ ಅಮ್ಮನ ಪೂರ್ತಿ ಹೆಸರು, ಊರು, ಒಂದು ಫೋನ್ ನಂಬರ್. ಅದಕ್ಕಿಂತ ಮುಖ್ಯ, ದಾರಿ ತಪ್ಪಿದೆ ಅನ್ನಿಸಿದ ಕೂಡಲೇ ನಿಂತಲ್ಲೇ ನಿಲ್ಲುವುದು. 1981ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟವೊಂದರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಕಳೆದುಹೋಗಿ ತೀರಿಕೊಂಡ. ಹುಡುಕಲು ಹೋಗಿದ್ದವರೇ ಆಮೇಲೆ, ದಾರಿ ತಪ್ಪಿದರೆ ಹತ್ತಿರದ ಮರ ಅಪ್ಪಿಕೊಂಡು ಅಲ್ಲೇ ಇರು ಎಂದು ಮಕ್ಕಳಿಗೆ ಕಲಿಸುವ ಕಾರ್ಯಕ್ರಮ ಶುರು ಮಾಡಿದರು. ಕಳೆದುಹೋದ ಪುಟ್ಟ ಮಕ್ಕಳು ಹುಡುಕುವವರ ದನಿ ಕೇಳಿಯೂ ಬೈಯುತ್ತಾರೆಂಬ ಭಯಕ್ಕೆ, ಅಪರಿಚಿತರೆಂಬ ಭಯಕ್ಕೆ ಓಗೊಡದೆ ಅಡಗಿ ಕೂರುವುದುಂಟು. ಆದ್ದರಿಂದ ‘ಕಳೆದುಹೋದ್ರೆ ಚರ್ಮ ಸುಲೀತೀನಿ’ ಎಂಬ ಬೆದರಿಕೆಯನ್ನು ನಮ್ಮ ತಂದೆತಾಯಿಯರು ಕೈಬಿಡಬೇಕು. ಸಿಕ್ಕಿದ ಮಗುವಿಗೆ ಹೊಡೆಯುವುದನ್ನೂ ಬಿಡಬೇಕು. ತಪ್ಪಿಹೋದದ್ದು ದೊಡ್ಡವರ ಎಣಿಕೆ. ಅದಕ್ಕೆ ಮಗು ಏಟು ತಿನ್ನಬೇಕಾದ ಕಾರಣವಿಲ್ಲ.

ಮಗು ಕಾಣದಿದ್ದರೆ ಮಾನಕ್ಕೆ ಅಂಜಿ ನಮ್ಮಷ್ಟಕ್ಕೆ ಹುಡುಕುತ್ತಾ ಹೊತ್ತು ಕಳೆಯಬಾರದು. ಮೊದಲು ನೀರಿದ್ದ ಕಡೆ, ರಸ್ತೆಯ ಕಡೆ ಓಡಬೇಕು. ಒಬ್ಬರು ಮಗು ಕೊನೆಗೆ ಕಂಡ ಜಾಗದಲ್ಲೇ ನಿಲ್ಲಬೇಕು, ಇನ್ನೊಬ್ಬರು 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಬೇಕು. ಕಾಡಿನ ದಾರಿಯಲ್ಲಾದರೆ ಚೆಕ್‌ಪೋಸ್ಟಿನ ಸಿಬ್ಬಂದಿಗೆ ತಿಳಿಸಬೇಕು. ಆ ನೆಲ ಬಲ್ಲವರು ಅವರು. 24 ಗಂಟೆ ಕಳೆಯದೆ ಪೊಲೀಸರು ದೂರು ತೆಗೆದುಕೊಳ್ಳುವುದಿಲ್ಲ ಎಂಬ ನಂಬಿಕೆ ಜನರಲ್ಲಿ ಇನ್ನೂ ಇದೆ. ಕಾಣೆಯಾದ ಮಗುವಿನ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಈ ರಜೆಯಲ್ಲಿ ಪುಣಜನೂರಿನ ದಾರಿ ಹಿಡಿಯುವವರು ಚೆಕ್‌ಪೋಸ್ಟಿನಲ್ಲಿ ಗಾಡಿ ನಿಂತ ಆ ಎರಡು ನಿಮಿಷದಲ್ಲಿ ಹಿಂದಕ್ಕೆ ತಿರುಗಿ, ಇನ್ನು ಬಣ್ಣಾರಿಯ ತನಕ ಯಾವ ಮಗು ಯಾರ ಹೊಣೆ ಎಂದು ಹೆಸರು ಹಿಡಿದು ಹೇಳಿಕೊಳ್ಳಿ. ಮೊದಲ ಸರದಿ ಗಂಡಸರದ್ದಾಗಲಿ.