36ನೇ ಕೋಣೆಗೆ ಇನ್ನೊಂದು ಟಿಕೆಟ್!

ಈ ವಾರ ಗಾಂಧಿನಗರದ ಸುದ್ದಿ ಇಲ್ಲ. ಯಾವ ನಾಯಕಿ ಯಾವ ನಿರ್ಮಾಪಕರ ಮೇಲೆ ಮುನಿಸಿಕೊಂಡಳು, ಯಾರ ಚಿತ್ರ ಡಬ್ಬದಲ್ಲೇ ಕೂತಿತು ಎಂಬುದೆಲ್ಲ ಮುಂದಿನ ವಾರಕ್ಕಿರಲಿ. ಈ ವಾರ ನಾನು ಚೀನಾ ದೇಶಕ್ಕೆ ಹೋಗಿ ಬಂದೆ... ಆಲೂರು ತಾಲ್ಲೂಕಿನ ಒಂದು ಜನತಾ ಮನೆಯ ಒಳಗೆ, ಚಾಪೆಯ ಮೇಲೆ ಕೂತುಕೊಂಡು!

ಹೌದು ಸ್ವಾಮಿ, ‘36 ಚೇಂಬರ್ಸ್ ಆಫ್ ಶಾವೋಲಿನ್’! ಹೆಸರು ಕೇಳಿದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಬಲಗೈ ಮುಷ್ಟಿ ಮಾಡಿ ಎಡ ಅಂಗೈಗೆ ಒತ್ತಿ ತಲೆ ಬಗ್ಗಿಸಿರುತ್ತೀರಿ ಅಂತ ನನಗೆ ಗೊತ್ತು. ಬಗ್ಗಿಸದವರು ಈಗಿನ ಕಾಲದ ಹುಡುಗರು. ಅವರಿಗಾಗಿ ಸ್ವಲ್ಪ ವಿವರ ಕೊಡಬೇಕು.

ನಮ್ಮ ಕಾಲದಲ್ಲಿ ಕುಂಗ್‌ಫೂ ಅಂದರೆ ಮೊದಲು ಬ್ರೂಸ್ ಲೀ. ‘ಎಂಟರ್ ದಿ ಡ್ರ್ಯಾಗನ್’ ತೆರೆಗೆ ಬರುವ ಮೊದಲೇ, 1973ರ ಜುಲೈ 20ರಂದು, 32ನೇ ವಯಸ್ಸಿಗೆ ಹೋಗಿಬಿಟ್ಟ ಪುಣ್ಯಾತ್ಮ. ನಾವು ಅವನನ್ನು ನೋಡುವ ಹೊತ್ತಿಗೆ ಅವನಾಗಲೇ ಕ್ಯಾಲೆಂಡರಿನ ದೇವರಾಗಿದ್ದ. ಆದರೆ ಬ್ರೂಸ್ ಲೀ ತೆರೆಗೆ ಬಂದಾಗಲೇ ಎಲ್ಲ ಕಲಿತು ಬಂದವನು. ಅವನು ಕಲಿತದ್ದನ್ನು ನಾವು ನೋಡಲೇ ಇಲ್ಲ! 1978ರಲ್ಲಿ ಹಾಂಕಾಂಗಿನ ಶಾ ಬ್ರದರ್ಸ್ ಕಂಪನಿ ತೆಗೆದ ಈ ಚಿತ್ರ ಬೇರೆ ಥರ. ಇದರ ಹೀರೋ ಗಾರ್ಡನ್ ಲಿಯು ಮೊದಲ ರೀಲಿನಲ್ಲಿ ಏನೂ ಬಾರದ ಹುಡುಗ. ಒದೆ ತಿಂದು ಓಡುತ್ತಾನೆ. ನಮ್ಮ ಹಾಗೆ!

ನಾನು ಅದನ್ನು ನೋಡಿದ್ದು 1984ರ ಬೇಸಿಗೆಯಲ್ಲಿ. ಬಾಳ್ಳುಪೇಟೆಯಿಂದ ಒಳಗಿನ ಒಂದು ಕಾಫಿ ಎಸ್ಟೇಟಿನಲ್ಲಿ ನಮ್ಮಪ್ಪ ರೈಟರು. ಆಲೂರು ಕಡೆ ಒಂದು ಸಂತೆಮಾಳದಲ್ಲಿ ಟೆಂಟು ಹಾಕುತ್ತಿದ್ದರು. ಮಲೆನಾಡ ಟೆಂಟಿನ ಕಥೆ ಬಯಲುಸೀಮೆಯವರಿಗೆ ಗೊತ್ತಿಲ್ಲ. ಮಳೆಗಾಲ ಬಂತೆಂದರೆ ಟೆಂಟು, ಕಂಬ, ಪ್ರೊಜೆಕ್ಟರು ಎಲ್ಲ ಗಂಟುಮೂಟೆ. ಕಾಫಿ ಕೊಯ್ಲು ಮುಗಿದು ಬಟವಾಡೆ ಕಾಸು ಕೈಯಲ್ಲಿ ಓಡಾಡುವ ಹೊತ್ತಿಗೆ ಮತ್ತೆ ಹಾಜರು. ಆ ವಾರ ಹೂಮಳೆ ಬಿದ್ದು ಗುಡ್ಡವೆಲ್ಲ ಕಾಫಿ ಹೂವಿನ ವಾಸನೆ. ಗಾಂಧಿ ಕ್ಲಾಸಿನ ಮರಳು ಒದ್ದೆ. ಗೋಣಿಚೀಲ ಹಾಸಿಕೊಂಡು ಕೂತೆವು, ನಾನೂ ನನ್ನ ಗೆಳೆಯನೂ.

ಗೆಳೆಯನ ಹೆಸರು ಬರೆಯುವುದಿಲ್ಲ. ಅವನೇ ಬೇಡ ಅಂದಿದ್ದಾನೆ. ಅಡ್ಡಹೆಸರು ಬರೆಯಬಹುದು: ‘ಸಂತೆ’. ಚಿತ್ರದಲ್ಲಿ ಹೀರೋ ಸನ್ಯಾಸಿಯಾದ ಮೇಲೆ ಅವನಿಗೆ ‘ಸಾನ್ ತೆ’ ಎಂದು ಹೆಸರಿಡುತ್ತಾರೆ. ಸ್ಪೀಕರಿನಲ್ಲಿ ಅದು ಕೇಳಿದ್ದು ಸಂತೆ ಅಂತಲೇ! ಟೆಂಟಿಗೆ ಟೆಂಟೇ ಗೊಳ್ಳೆಂದಿತು. ಮಾರನೇ ದಿನದಿಂದ ಲೈನ್ ಮನೆಯ ನನ್ನ ಗೆಳೆಯನಿಗೆ ಅದೇ ಹೆಸರು ಅಂಟಿತು. ಇವತ್ತಿಗೂ ಊರವರು ಹಾಗೇ ಕರೆಯುತ್ತಾರೆ, ಯಾಕೆಂದು ಯಾರಿಗೂ ನೆನಪಿಲ್ಲ.

ಕಳೆದ ತಿಂಗಳು ಅವನ ಮಗಳ ಮದುವೆ ಕರೆಯೋಲೆ ಬಂತು. ಮದುವೆಗೆ ಹೋಗಲಾಗಲಿಲ್ಲ. ಆಮೇಲೆ ನೆಪ ಮಾಡಿಕೊಂಡು ಹೋದೆ. ಮಗಳಿಗೊಂದು ಸೀರೆ, ಬ್ಯಾಗಿನಲ್ಲಿ ಲ್ಯಾಪ್‌ಟಾಪು, ಲ್ಯಾಪ್‌ಟಾಪಿನಲ್ಲಿ ‘36 ಚೇಂಬರ್ಸ್’. ಸಂಜೆಗೆ ವಾಪಸ್ ಹೊರಡುವ ಲೆಕ್ಕ ನನ್ನದು. “ಈಗ ಹೊಂಡಬೇಡಿ ಸಾರ್, ಆನೆ ಐತೆ” ಅಂದ. ಆ ಭಾಗದಲ್ಲಿ 2014ರಲ್ಲಿ 20ಕ್ಕೂ ಹೆಚ್ಚು ಕಾಡಾನೆ ಹಿಡಿದು ಸಾಗಿಸಿದ್ದರು. ಆದರೂ ಕಾಟ ನಿಂತಿಲ್ಲ. ಕತ್ತಲಾದ ಮೇಲೆ ಯಾರೂ ಹೊರಗೆ ಕಾಲಿಡುವುದಿಲ್ಲ. ಉಳಿದುಕೊಂಡೆ. ಆನೆಗಿಂತ ಹೆಚ್ಚು ಚುಚ್ಚಿದ್ದು ಆ ‘ಸಾರ್’. ಒಂದೇ ಗೋಣಿಯ ಮೇಲೆ ಕೂತು ಪಿಕ್ಚರ್ ನೋಡಿದವನು ನನಗೆ ಸಾರ್ ಅನ್ನುತ್ತಾನೆ!

ಊಟ ಆದ ಮೇಲೆ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬದ ಮೇಲಿಟ್ಟು ಶುರು ಮಾಡಿದೆವು.

ನಿಜ ಹೇಳುತ್ತೇನೆ, ಮೊದಲ ಹತ್ತು ನಿಮಿಷ ನನಗೆ ಹೊಟ್ಟೆ ಕಿವುಚಿತು. ರಕ್ತವೋ ಡಬ್ಬದ ಪೇಂಟು! ಬೆಟ್ಟವೋ ಸ್ಟುಡಿಯೋ ಗಾರೆ! ಕ್ಯಾಮೆರಾ ಮಾತೆತ್ತಿದರೆ ಮೂಗಿನ ಮೇಲೆ ಹಾರಿ ಬೀಳುತ್ತದೆ. ಇದಕ್ಕಾ ನಾವು ಜೀವ ಬಿಟ್ಟದ್ದು ಅನ್ನಿಸಿತು. ಹೆಂಗಸರ ಪಾತ್ರವಂತೂ ಹುಡುಕಿದರೂ ಸಿಗುವುದಿಲ್ಲ. ಕೊನೆಯ ಅರ್ಧ ಗಂಟೆ, ಬಸ್ಸು ತಪ್ಪೀತು ಎಂಬ ಹಾಗೆ ಅವಸರದಲ್ಲಿ ಮುಗಿಯುತ್ತದೆ. ಲೋ ಲೀಹ್‌ನಂಥ ಖಳನಾಯಕನನ್ನು ತಂದು ಇನ್ನೂ ಚೆನ್ನಾಗಿ ದುಡಿಸಿಕೊಳ್ಳಬೇಕಿತ್ತು.

ಆದರೆ ಹುಡುಗ ತರಕಾರಿ ಗಾಡಿಯಲ್ಲಿ ಅಡಗಿ ಶಾವೋಲಿನ್ ಮಠ ಸೇರಿದನೋ ಇಲ್ಲವೋ... ಗುರೂ, ಮುಂದೆ ಸುಮಾರು ಒಂದು ಗಂಟೆ ಬರೀ ಪಾಠ! ಆಗ ನಮಗೆ ಇಡೀ ಪಿಕ್ಚರ್ ಫೈಟಿಂಗ್ ಅಂತಲೇ ನೆನಪಿತ್ತು. ಈಗ ನೋಡಿದರೆ ಫೈಟಿಂಗ್ ಇರುವುದು ಉಪ್ಪಿನಕಾಯಿಯಷ್ಟು. ಉಳಿದದ್ದು ಕಸ ಗುಡಿಸುವುದು, ಬೀಳುವುದು, ಏಳುವುದು.

ಅವನಿಗೆ ಅವಸರ. ನೇರ 35ನೇ ಕೋಣೆಗೆ, ಎಲ್ಲಕ್ಕಿಂತ ಮೇಲಿನದಕ್ಕೆ, ನುಗ್ಗುತ್ತಾನೆ. ಅಲ್ಲಿ ಬರೀ ಮಂತ್ರ ಹೇಳುವ ಮುದುಕರು. ಒಬ್ಬರು ಮುಟ್ಟದೆಯೇ ಇವನನ್ನು ಉರುಳಿಸುತ್ತಾರೆ. ಸರಿ, ಕೆಳಗಿನಿಂದ ಬಾ ಅಂತಾರೆ. ಕೆಳಗಿನ ಕೋಣೆ ಯಾವುದು? ಊಟದ ಮನೆ! ಬಾಗಿಲ ಮುಂದೆ ನೀರು, ನೀರಿನಲ್ಲಿ ತೇಲುವ ದಿಮ್ಮಿ ಕಟ್ಟು. ಅದರ ಮೇಲೆ ಕಾಲಿಟ್ಟು ಹಾರಿದವನಿಗೆ ಅನ್ನ, ಬಿದ್ದವನಿಗೆ ಒದ್ದೆ ಬಟ್ಟೆ. ಆಮೇಲೆ ಮಣಿಕಟ್ಟಿನ ಕೋಣೆ: ಉದ್ದ ಗಳುವಿನ ತುದಿಗೆ ಭಾರ ಕಟ್ಟಿ ಗಂಟೆ ಹೊಡೆಯಬೇಕು. ಕಣ್ಣಿನ ಕೋಣೆ: ಮುಖದ ಎರಡೂ ಕಡೆ ಉರಿಯುವ ಊದುಬತ್ತಿ, ತಲೆ ಅಲ್ಲಾಡಿಸದೆ ಕಣ್ಣು ಮಾತ್ರ ತಿರುಗಿಸಬೇಕು. ತಲೆಯ ಕೋಣೆ: ನೇತುಹಾಕಿದ ಮರಳು ಚೀಲಗಳ ಸಾಲಿಗೆ ತಲೆಯಿಂದ ಗುದ್ದಿಕೊಂಡು ಹೋಗಬೇಕು. ಇದನ್ನೆಲ್ಲ ನೋಡಿ ನಾವು ಮಾಡದ ಮಂಗಾಟವಿಲ್ಲ. ಊದುಬತ್ತಿಗೆ ನಮ್ಮಮ್ಮನ ದೇವರ ಕೋಣೆಯೇ ಖಾಲಿ.

ನಿರ್ದೇಶಕ ಲಾವ್ ಕಾರ್-ಲ್ಯುಂಗ್ ಮೂಲತಃ ಫೈಟ್ ಮಾಸ್ಟರು. ನಮ್ಮಲ್ಲಿ ಥ್ರಿಲ್ಲರ್ ಮಂಜು ಸಾಹಸದಿಂದ ನಿರ್ದೇಶನಕ್ಕೂ ಬಂದು 1996ರಲ್ಲಿ ‘ಪೊಲೀಸ್ ಸ್ಟೋರಿ’ ಕೊಡಲಿಲ್ಲವೇ, ಹಾಗೆ. ಈ ಲಾವ್ ಸಾಹೇಬರ ತಂದೆ ಕುಂಗ್‌ಫೂ ಗುರು. ತಂದೆಯ ಗುರುವಿನ ಗುರು ಸಾಕ್ಷಾತ್ ವಾಂಗ್ ಫೇ-ಹುಂಗ್. ಜೆಟ್ ಲೀ ಚಿತ್ರಗಳಲ್ಲಿ ನೀವು ಕಂಡ ಅದೇ ಮಹಾಶಯ, ಕಟ್ಟುಕತೆಯಲ್ಲ, ಇದ್ದವರು. ಹೀರೋ ಗಾರ್ಡನ್ ಲಿಯು ಆ ತಂದೆಯ ಹತ್ತಿರವೇ ಕಲಿತು ಆ ಮನೆಯ ಹುಡುಗನಾದವನು. ಅದಕ್ಕೇ ಇರಬೇಕು, ಪಾಠದ ದೃಶ್ಯಗಳಲ್ಲಿ ನಾಟಕವೇ ಕಾಣುವುದಿಲ್ಲ. ಬಿದ್ದರೆ ಬಿದ್ದಂತೆಯೇ ಕಾಣುತ್ತದೆ. ದೂರದ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಹಾಡುಗಾರ ಹುಡುಗರು, ವು-ಟ್ಯಾಂಗ್ ಕ್ಲ್ಯಾನ್ ಎಂಬ ತಂಡದವರು, 1993ರಲ್ಲಿ ತಮ್ಮ ಮೊದಲ ಆಲ್ಬಮ್ಮಿಗೆ ‘36 ಚೇಂಬರ್ಸ್’ ಅಂತ ಹೆಸರು ಸೇರಿಸಿಕೊಂಡರಂತೆ. ನಮ್ಮ ಗಾಂಧಿ ಕ್ಲಾಸಿನ ಅಣ್ತಮ್ಮಂದಿರು ಅಲ್ಲೂ ಇದ್ದರು ಅನ್ನಿ! ಲಾವ್ 2013ರಲ್ಲಿ ತೀರಿಕೊಂಡರು. ಗಾರ್ಡನ್ ಲಿಯುಗೆ 2011ರಲ್ಲಿ ಪಾರ್ಶ್ವವಾಯು ಬಡಿಯಿತು. ದಿಮ್ಮಿಯ ಮೇಲೆ ಹಾರಿದ ಆ ಕಾಲು...

ಬಿಡಿ. ಈಗ ನೀರಿನ ದೃಶ್ಯಕ್ಕೆ ಬರೋಣ. ನಾನು ಹೋದದ್ದೇ ಅದಕ್ಕೆ.

ಹೀರೋ ಎರಡೂ ಕೈ ನೇರ ಚಾಚಿ ಎರಡು ಬಕೆಟ್ ನೀರು ಹೊತ್ತು ಇಳಿಜಾರು ಹತ್ತಬೇಕು. ತೋಳಿಗೆ ಚೂರಿ ಕಟ್ಟಿರುತ್ತಾರೆ, ಮೊನೆ ಪಕ್ಕೆಗೆ. ಕೈ ಇಳಿಸಿದರೆ ಚುಚ್ಚುತ್ತದೆ. ನೀರು ಹೊರುವುದು ಸಂತೆಗೆ ಹೊಸದಲ್ಲ. ಲೈನಿಗೆ ಕೆಳಗಿನ ತೊರೆಯಿಂದ ದಿನಾ ಹೊರುತ್ತಿದ್ದ. ಚೂರಿ ಬೇಕಿತ್ತು, ಅಷ್ಟೇ. ಅದನ್ನು ತಂದವನು ನಾನು. ಎಸ್ಟೇಟ್ ಸ್ಟೋರಿನ ಬೀಗದ ಕೈ ನಮ್ಮ ಮನೆ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಗಿಡ ಕಸಿಮಾಡುವ ಎರಡು ಕತ್ತಿ ತಂದೆ. ಬಾಳೆನಾರಿನಿಂದ ಕಟ್ಟಿದ್ದೂ ನಾನೇ. ಸಂತೆ ಇಪ್ಪತ್ತು ಹೆಜ್ಜೆ ಹತ್ತಿದ. ಕಾಲು ಜಾರಿತು.

ಎಡ ಪಕ್ಕೆಯಿಂದ ಕಂಕುಳವರೆಗೂ ಸೀಳಿತು. ಅದು ಸ್ಟುಡಿಯೋ ಪೇಂಟಿನ ಹಾಗಿರಲಿಲ್ಲ ಕಣ್ರೀ. ಕಪ್ಪಗಿತ್ತು.

ಮೇಸ್ತ್ರಿ ಓಡಿ ಬಂದ. ಕತ್ತಿ ಗುರುತು ಹಿಡಿದ. “ಸ್ಟೋರಿಂದ ಕದ್ದೋನು ಯಾವನು?” ಅಂದ. ನಾನು ಸಂತೆಯ ಕಡೆ ಕೈ ತೋರಿಸಿದೆ. ಸಂತೆ ನನ್ನ ಮುಖ ನೋಡಿದ. ಬಾಯಿ ಬಿಡಲಿಲ್ಲ. ಮೇಸ್ತ್ರಿ ಆ ಗಾಯದ ಮೇಲೇ ಎರಡು ಬಿಟ್ಟ. ಜೂನಿನಲ್ಲಿ ಶಾಲೆ ಶುರುವಾದಾಗ ಸಂತೆ ಬರಲಿಲ್ಲ, ತೋಟದ ಕೆಲಸಕ್ಕೆ ಹೋದ. ನನ್ನನ್ನು ಹಾಸನಕ್ಕೆ ಓದಲು ಕಳಿಸಿದರು. ಕದ್ದವನೆಂಬ ಹೆಸರಿಂದಲೇ ಅವನ ಶಾಲೆ ಹೋಯಿತು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ನಂಬಿ ಏನು ಮಾಡಿದೆ? ಏನೂ ಮಾಡಲಿಲ್ಲ.

ದೃಶ್ಯ ಬಂತು. ಬಕೆಟ್, ಇಳಿಜಾರು, ಚೂರಿ. ಸಂತೆ ನಗುತ್ತಾ ಅಂಗಿ ಎತ್ತಿ ಪಕ್ಕೆ ತೋರಿಸಿದ. ಗೆರೆ ಹಾಗೇ ಇದೆ. ನಾನು ಚಿತ್ರ ನಿಲ್ಲಿಸಿದೆ. ಹೇಳಿದೆ. ಎಷ್ಟೋ ಸಲ ಮನಸ್ಸಿನಲ್ಲಿ ಆಡಿಕೊಂಡಿದ್ದ ಮಾತು, ಬಾಯಿಗೆ ಬಂದಾಗ ಎರಡೇ ವಾಕ್ಯ.

“ಅಯ್ಯೋ, ಅದಾ!” ಅಂದ. “ಸ್ಕೂಲು ಬಿಟ್ಟಿದ್ದು ಅದಕ್ಕಲ್ಲ ಸಾರ್. ಅವ್ವಂಗೆ ಹುಷಾರಿರ್ಲಿಲ್ಲ, ಮನೇಲಿ ಸಾಲ ಇತ್ತು. ಕತ್ತಿ ವಿಷ್ಯ ಎಲ್ಲಾರ್ಗೂ ಗೊತ್ತಿತ್ತು.”

“ಎಲ್ಲಾರ್ಗೂ ಅಂದ್ರೆ?”

“ನಿಮ್ಮಪ್ಪಾರಿಗೆ. ಆವತ್ತು ರಾತ್ರಿನೇ ಟಾರ್ಚ್ ಹಿಡ್ಕೊಂಡು ಲೈನಿಗೆ ಬಂದ್ರು. ಬೀಗದ ಕೈ ನಮ್ಮನೇಲಿರದು, ಈ ಹುಡ್ಗ ಹೆಂಗೆ ತೆಗೀತಾನೆ ಅಂದ್ರು ನಮ್ಮಪ್ಪಂಗೆ. ಬೆಳಿಗ್ಗೆ ಸೈಕಲ್ಲಲ್ಲಿ ಬಾಳ್ಳುಪೇಟೆಗೆ, ಅಲ್ಲಿಂದ ಬಸ್ಸಲ್ಲಿ ಸಕಲೇಶಪುರ ಆಸ್ಪತ್ರೆಗೆ. ಹೊಲಿಗೆ ಹಾಕ್ಸಿ, ಸೂಜಿ ಕೊಡ್ಸಿದ್ರು. ಬನ್ನು ಕೊಡ್ಸಿದ್ರು. ಸಂಜೆ ವಾಪಸ್ ಬರೋವಾಗ ಟೆಂಟಿಗೂ ಕರ್ಕೊಂಡೋದ್ರು, ಈ ಪಿಕ್ಚರ್‌ಗೇ! ಅವತ್ತು ಲಾಸ್ಟ್ ಶೋ.”

ನಮ್ಮಪ್ಪ! ಸಿನಿಮಾ ಅಂದರೆ ಪೋಲಿಗಳ ಕಸುಬು ಅನ್ನುತ್ತಿದ್ದ ಮನುಷ್ಯ. ರಾಜ್‌ಕುಮಾರರ ಭಕ್ತಿ ಚಿತ್ರ ಬಿಟ್ಟು ಇನ್ನೊಂದಕ್ಕೆ ಕಾಲಿಟ್ಟವರಲ್ಲ. ಅವರು ಗಾಂಧಿ ಕ್ಲಾಸಿನ ಮರಳಿನಲ್ಲಿ ಕೂತು ಕುಂಗ್‌ಫೂ ನೋಡಿದರೇ?

“ಬೆಂಚಲ್ಲಿ ಕೂರಿಸಿದ್ರು, ಗಾಯ ಅಂತ. ನೀರಿನ ಸೀನ್ ಬಂದಾಗ ಯಾಕೋ ಚೂರಿ ಕಟ್ಟಿರೋದು ಅಂತ ಕೇಳಿದ್ರು. ಕೈ ಇಳಿಸ್ಬಾರ್ದು ಅಂತ ಅಂದೆ. ಹೂಂ ಅಂದ್ರು. ಆಮೇಲೆ ಪಿಕ್ಚರ್ ಮುಗಿಯೋಗಂಟ ಮಾತಾಡ್ಲಿಲ್ಲ.”

“ನಂಗ್ಯಾಕೆ ಒಂದು ಮಾತೂ ಹೇಳ್ಲಿಲ್ಲ?”

ಸಂತೆ ಸ್ವಲ್ಪ ಹೊತ್ತು ಸುಮ್ಮನಿದ್ದ. “ಅವನಿಗೆ ಹೇಳ್ಬೇಡ, ಅವನೇ ಬಂದು ಹೇಳ್ತಾನೆ ನೋಡಣ ಅಂದಿದ್ರು.”

ಅಪ್ಪ ಹೋಗಿ 15 ವರ್ಷವಾಯಿತು. ನಾನು ಹೇಳಲೇ ಇಲ್ಲ.

ಹೊರಗೆ ದೂರದಲ್ಲಿ ಯಾರೋ ಪಟಾಕಿ ಹೊಡೆದರು. ಆನೆ ಓಡಿಸಲು. ನಾಯಿಗಳು ಬೊಗಳಿ ಸುಮ್ಮನಾದವು. ಸಂತೆಯ ಹೆಂಡತಿ ಎದ್ದು ಬಂದು ಕರಿ ಕಾಫಿ ಕೊಟ್ಟು ಹೋದರು. ನಾವು ಚಿತ್ರ ಮುಂದುವರಿಸಿದೆವು.

ಒಂದು ವಿಷಯ ಹೇಳಿಬಿಡುತ್ತೇನೆ, ಬಾಲ್ಯದಲ್ಲಿ ನಮಗೆ ತಲೆಬುಡ ಅರ್ಥವಾಗದ್ದು. ಹೀರೋ ಜೋಡಿ ಕತ್ತಿಯ ಹಿರಿಯ ಸನ್ಯಾಸಿಯ ಹತ್ತಿರ ಸೋತು, ಬಿದಿರು ಮುರಿದದ್ದನ್ನು ನೋಡಿ ಮೂರು ತುಂಡಿನ ದೊಣ್ಣೆ ಕಂಡುಹಿಡಿದು ಗೆಲ್ಲುತ್ತಾನೆ. ಗೆದ್ದ ಮೇಲೆ ಮಠದಿಂದ ಹೊರಗೆ ಹಾಕುತ್ತಾರೆ! 1984ರಲ್ಲಿ ನಮಗೆ ಭಾರಿ ಸಿಟ್ಟು ಬಂದಿತ್ತು. ಗೆದ್ದವನನ್ನೇ ಓಡಿಸುವುದೇ? ಈಗ ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿ ಸಂತೆಗೆ ಹೇಳಿದೆ: 35 ಕೋಣೆಗಳಲ್ಲಿ ಯಾವುದಕ್ಕೆ ಬೇಕಾದರೂ ಯಜಮಾನನಾಗು ಅನ್ನುತ್ತಾರೆ, ಇವನು 36ನೆಯದು ಬೇಕು, ಹೊರಗಿನ ಬಡಪಾಯಿಗಳಿಗೆ ಕಲಿಸಲು ಅನ್ನುತ್ತಾನೆ. ಹಿರಿಯ ಗುರು ಎಲ್ಲರೆದುರು ಬೈದು, ಶಿಕ್ಷೆ ಎಂದು ಹೇಳಿ, ಭಿಕ್ಷೆಯ ನೆಪದಲ್ಲಿ ಹೊರಗೆ ಕಳಿಸುತ್ತಾರೆ. ಮನಸ್ಸಿನಲ್ಲಿ ಒಪ್ಪಿಗೆ, ಬಾಯಲ್ಲಿ ಬೈಗುಳ.

“ಹಂಗಾ? ಓಡ್ಸಿದ್ದಲ್ವಾ?” ಅಂದ ಸಂತೆ. ತೆರೆಯ ಕಡೆಯೇ ನೋಡುತ್ತಿದ್ದ. “ನಿಮ್ಮಪ್ಪ ಹಂಗೇ ಅಂದಿದ್ರು. ಇಂಗ್ಲೀಷ್ ಬತ್ತಿತ್ತಲ್ಲ ಅವ್ರಿಗೆ. ನಾನೇ ನಂಬಿರ್ಲಿಲ್ಲ.”

ಕೊನೆಯಲ್ಲಿ ಗಿರಣಿಯ ಆಳು, ಬೀದಿಯ ಹುಡುಗರೆಲ್ಲ ಸಾಲಾಗಿ ನಿಂತು ಕೈ ಬೀಸುವ ದೃಶ್ಯ ಬಂದು ಚಿತ್ರ ಮುಗಿಯಿತು. ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಅವನಿಗೆ ಮರಗಸಿ ಕೆಲಸವಿತ್ತು, ಏಣಿ ಹೊತ್ತು ಏಳಕ್ಕೆಲ್ಲ ಹೊರಡಬೇಕು. ಈ ವಯಸ್ಸಿನಲ್ಲೂ ಸಿಲ್ವರ್ ಓಕ್ ಹತ್ತುತ್ತಾನೆ ಪುಣ್ಯಾತ್ಮ. ನಾನು ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಕೈ ಹಿಡಿದು ತಡೆದ.

“ಇರ್ಲಾ, ಆ ನೀರಿನ ಸೀನ್ ಇನ್ನೊಂದ್ಸಲ ಹಾಕು.”