ಹೊಂಬಳದಲ್ಲೊಂದು ವ್ಯಾಖ್ಯಾನದ ಸಂಜೆ

ನಮ್ಮ ನಾಡಿನಲ್ಲಿ ಸಭೆಗಳಿಗೆ ಬರವಿಲ್ಲ. ಸಭೆಯಿಂದ ಮನೆಗೆ ಕೊಂಡೊಯ್ಯತಕ್ಕ ವಿಚಾರಕ್ಕೆ ಮಾತ್ರ ಬರವಿರುವದು. ಸಾಯಂಕಾಲ ಆರು ಗಂಟೆಗೆಂದು ಕರೆಪತ್ರಿಕೆಯಲ್ಲಿ ಅಚ್ಚಾದ ಸಭೆಯು ಏಳಕ್ಕೆ ಕೂಡುವದು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಹಾರ-ತುರಾಯಿಗಳ ಸಮರ್ಪಣೆ, ಹಾರ ಹಾಕುವ ಕೈ ಕೊರಳ ಬಳಿಯೇ ನಿಂತಿರುವಾಗ ಛಾಯಾಚಿತ್ರ ತೆಗೆಯುವ ವಿಧಿ, ಇಷ್ಟೆಲ್ಲ ಮುಗಿಯುವಷ್ಟರಲ್ಲಿ ತಾಸು-ಒಂದೂವರೆ ತಾಸು ಸಂದುಹೋಗಿರುವದು. ಯಾರ ಮಾತನ್ನು ಕೇಳಬೇಕೆಂದು ಜನ ಬಂದಿರುವರೋ ಅವರು ಎದ್ದು ನಿಂತು ‘ಸಮಯದ ಅಭಾವದಿಂದ’ ಎಂದು ಆರಂಭಿಸುವರು. ಅಧ್ಯಕ್ಷರಾದವರು ಮಾತ್ರ ಸಮಯದ ಅಭಾವವನ್ನು ಎಂದೂ ಅರಿತವರಲ್ಲ. ತಾಯಂದಿರು ನಿದ್ದೆಹೋದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೋದ ಮೇಲೆಯೂ ಅವರ ಸಮಾರೋಪವು ನಡೆದೇ ಇರುವದು.

ಇದಕ್ಕೆ ಬದಲಾಗಿ ಒಂದು ಸೂಚನೆಯನ್ನು ನಾವು ವಾಚಕರ ಮುಂದಿಡುತ್ತೇವೆ. ತಿಂಗಳಿಗೊಂದು ಸಂಜೆ ಬೇರೆ ಬೇರೆ ಕಸುಬಿನ ಐದು ಜನರು ಕೂಡಿ, ತಾವು ಕೈಯಾರ ಬಲ್ಲ ಒಂದೊಂದು ಸಂಗತಿಯನ್ನು ಕಾಲು ಕಾಲು ತಾಸಿನಲ್ಲಿ, ಶುದ್ಧ ತಿಳಿಗನ್ನಡದಲ್ಲಿ ಊರವರಿಗೆ ಹೇಳತಕ್ಕದ್ದು. ಇಂಥ ಸಂಜೆಯು ಮೊದಲು ಆಗಬೇಕಾದದ್ದು ಬೆಂಗಳೂರಿನಲ್ಲಿ ಅಲ್ಲ, ಹುಬ್ಬಳ್ಳಿಯಲ್ಲಿಯೂ ಅಲ್ಲ. ಗದಗ ತಾಲೂಕಿನ ಹೊಂಬಳದಂಥ ಗ್ರಾಮದಲ್ಲಿ. ಹೊಂಬಳವನ್ನೇ ಏಕೆ ಹೆಸರಿಸಿದಿರೆಂದು ಕೇಳಿದರೆ ನಮ್ಮ ಉತ್ತರ ಸರಳ. ಅದು ಒಕ್ಕಲುತನದ ಊರು. ಆದರೂ ಗದುಗಿಗೆ ಸಮೀಪ. ಪಟ್ಟಣದ ವೈದ್ಯನೋ ಅಧ್ಯಾಪಕನೋ ಅಲ್ಲಿಗೆ ಬಂದು ಮಾತಾಡಿ ರಾತ್ರಿಯ ಊಟಕ್ಕೆ ತನ್ನ ಮನೆ ಸೇರಬಹುದು. ಬಾರದಿರುವದಕ್ಕೆ ನೆವ ಹೇಳಲಾಗದಷ್ಟು ಹತ್ತಿರವಿರುವದು ಒಂದು ಊರಿಗೆ ಸಣ್ಣ ಅನುಕೂಲವೇನೂ ಅಲ್ಲ.

ಚುಟುಕು ವ್ಯಾಖ್ಯಾನಗಳ ಸಂಜೆ ಲೋಕಕ್ಕೆ ಈಗ ಹೊಸದಲ್ಲ. 1984ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಟೆಡ್ ಎಂಬ ಸಭೆಯು ಎಂಥ ಮಹಾಪಂಡಿತನಿಗೂ 18 ನಿಮಿಷಕ್ಕಿಂತ ಹೆಚ್ಚು ಕೊಡಲೊಲ್ಲದು. 2003ರಲ್ಲಿ ಜಪಾನಿನ ಟೋಕಿಯೋದಲ್ಲಿ ಹುಟ್ಟಿದ ಪೆಚಕುಚ ಎಂಬ ಕೂಟವು ಇನ್ನೂ ಬಿಗಿ: 20 ಚಿತ್ರಗಳು, ಒಂದೊಂದಕ್ಕೆ 20 ಸೆಕೆಂಡು, ಒಟ್ಟು 6 ನಿಮಿಷ 40 ಸೆಕೆಂಡಿಗೆ ಮಾತು ಮುಗಿಯಲೇಬೇಕು. ಟೆಡ್ ಸಭೆಯು ನಮ್ಮ ಕರ್ನಾಟಕಕ್ಕೂ ಬಂದಿತು. 2009ರ ನವೆಂಬರಿನಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಜರುಗಿತು. ಆದರೆ ಅದು ಕನ್ನಡದ ನೆಲದಲ್ಲಿ ಇಂಗ್ಲಿಷಿನ ಸಭೆ. ಆ ಬಳಿಕ ನಮ್ಮ ನಗರಗಳ ಕಾಲೇಜುಗಳಲ್ಲಿ ಆ ಬಗೆಯ ಸಂಜೆಗಳು ನಡೆಯುತ್ತ ಬಂದಿವೆ. ಅಲ್ಲಿಯೂ ಬಹುಪಾಲು ಇಂಗ್ಲಿಷೇ. ಕೇಳುವವರು ಆಗಲೇ ಅರ್ಧ ಬಲ್ಲವರು, ಹೇಳುವವರು ಪೂರ್ತಿ ಬಲ್ಲವರು. ಹೊರಗೆ ನಿಂತವರು ನಾಡಿನ ಮಿಕ್ಕ ಜನರು.

ಮಾತನ್ನು ಮೊಟಕಾಗಿ ಹೇಳುವದನ್ನು ಕನ್ನಡಿಗರು ಪರದೇಶದಿಂದ ಕಲಿಯಬೇಕಾಗಿದೆಯೇ? ಹನ್ನೆರಡನೆಯ ಶತಮಾನದ ವಚನಕ್ಕಿಂತ ಮೊಟಕಾದ ವ್ಯಾಖ್ಯಾನವನ್ನು ಯಾವ ದೇಶದಲ್ಲಿ ಕಾಣುವಿರಿ? ಸರ್ವಜ್ಞನು ಮೂರು ಸಾಲು ದಾಟಲಿಲ್ಲ. ವಚನಕಾರರಲ್ಲಿ ಅಂಬಿಗರ ಚೌಡಯ್ಯನಿದ್ದನು, ಮಡಿವಾಳ ಮಾಚಯ್ಯನಿದ್ದನು, ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದನು, ಅಕ್ಕಿ ಆಯ್ದು ಬದುಕಿದ ಆಯ್ದಕ್ಕಿ ಲಕ್ಕಮ್ಮ-ಮಾರಯ್ಯರಿದ್ದರು. ದೋಣಿಯವನು ದೋಣಿಯ ಮಾತಿನಲ್ಲಿಯೇ ಹೇಳಿದನು, ಅಗಸನು ಬಟ್ಟೆಯ ಮಾತಿನಲ್ಲಿಯೇ ಹೇಳಿದನು. ಕಸುಬನ್ನು ಬಾಗಿಲ ಹೊರಗೆ ಬಿಟ್ಟು ಸಭೆಗೆ ಬಾ ಎಂದು ಅವರಿಗೆ ಯಾರೂ ಹೇಳಿದಂತೆ ಕಾಣುವದಿಲ್ಲ.

ಅಷ್ಟು ಹಿಂದಕ್ಕೆ ಹೋಗುವದೂ ಬೇಕಿಲ್ಲ. ಗದುಗಿನ ತೋಂಟದಾರ್ಯ ಮಠದಲ್ಲಿ ಸೋಮವಾರದ ಸಂಜೆ ಶಿವಾನುಭವ ಜರುಗುವದನ್ನು ಸುತ್ತಣ ಹಳ್ಳಿಗಳವರೆಲ್ಲ ಬಲ್ಲರು. 1974ರಲ್ಲಿ ಪೀಠವನ್ನೇರಿ 2018ರಲ್ಲಿ ಲಿಂಗೈಕ್ಯರಾದ ಸಿದ್ಧಲಿಂಗ ಸ್ವಾಮಿಗಳು ಆ ವೇದಿಕೆಯನ್ನು ಬೇರೆ ಮತದವರಿಗೂ ಬೇರೆ ಶಾಸ್ತ್ರದವರಿಗೂ ತೆರೆದಿಟ್ಟರು. ವಾರ ತಪ್ಪದೆ ಜನರನ್ನು ಕೂಡಿಸಿ ಮಾತು ಕೇಳಿಸುವದು ಎಷ್ಟು ಶ್ರಮದ ಕೆಲಸವೆಂಬದನ್ನು ಒಂದು ವರ್ಷ ವಾಚನಾಲಯ ನಡೆಯಿಸಿದವರು ಅರಿಯುವರು.

ಇನ್ನು ನಾಡಹಬ್ಬ. 1926ರಲ್ಲಿ ಧಾರವಾಡದಲ್ಲಿ ಬೇಂದ್ರೆಯವರೂ ಅವರ ಗೆಳೆಯರ ಗುಂಪಿನವರೂ ನವರಾತ್ರಿಯ ದಿನಗಳಲ್ಲಿ ಅದನ್ನು ಆರಂಭಿಸಿದರು. ಆಗಿನ ನಾಡಿನ ಸ್ಥಿತಿಯನ್ನು ನೆನೆಯಿರಿ! ಗದಗ ಮುಂಬಯಿ ಇಲಾಖೆಗೆ ಸೇರಿದ್ದು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡೆಂದು ಎಣಿಸಿದ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಮಿರಜ ಸಂಸ್ಥಾನಕ್ಕೆ. ಮುಂಡರಗಿಯಿಂದ ಮೂಡಣಕ್ಕೆ ಸಾಗಿದರೆ ಕೊಪ್ಪಳವು ನಿಜಾಮರ ರಾಜ್ಯ. ಒಂದೇ ದಿನದ ಚಕ್ಕಡಿಯ ಪಯಣದಲ್ಲಿ ಎರಡು ಮೂರು ದೊರೆತನಗಳು! ಆ ಎಲ್ಲೆಗಳನ್ನು ದಾಟುವ ಅಧಿಕಾರ ಯಾವ ಕಾಯದೆಗೂ ಇರಲಿಲ್ಲ; ಕನ್ನಡದ ವ್ಯಾಖ್ಯಾನಕ್ಕೆ ಇತ್ತು. ಜನರನ್ನು ಹಾಗೆ ಒಂದುಗೂಡಿಸಿದವರು ಒಂದೇ ಕಸುಬಿನವರೂ ಅಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿಸಿಕೊಂಡ ನಾಡಗೀತವನ್ನು ಬರೆದ ಹುಯಿಲಗೋಳ ನಾರಾಯಣರಾಯರು ಗದುಗಿನಲ್ಲಿ ವಕೀಲಿ ಮಾಡಿದವರು.

ನಕಾಶೆಯ ಮೇಲಿನ ಆ ಗೆರೆಗಳು 1956ರ ನವೆಂಬರ 1ರಂದು ಅಳಿಸಿದವು. ಇನ್ನೊಂದು ಗೆರೆ ಅಳಿಸಲಿಲ್ಲ. ಓದಿ ಅರಿತವನು ಒಂದು ಕಡೆ, ಮಾಡಿ ಅರಿತವನು ಇನ್ನೊಂದು ಕಡೆ. ನಡುವೆ ಇಂಗ್ಲಿಷು ಬೇಲಿಯಾಗಿ ನಿಂತಿದೆ. ಗದುಗಿನಲ್ಲಿ ಇಂದು ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅಲ್ಲಿ ಕಲಿಸುವ ವಿಷಯಗಳಲ್ಲಿ ಹತ್ತರಲ್ಲಿ ಒಂದಂಶವಾದರೂ ಹೊಂಬಳದ ಕಟ್ಟೆಯ ಮೇಲೆ ಕುಳಿತವನ ಕಿವಿಗೆ ಬೀಳಬಾರದೆ? ಹಾಗೆಯೇ ಆ ಕಟ್ಟೆಯ ಮೇಲಿನವನ ಅರಿವು ಅಲ್ಲಿಗೆ ಹೋಗಬಾರದೆ?

ಈ ಎರಡನೆಯ ಮಾತಿಗೆ ಕೆಲವರು ನಕ್ಕಾರು. ಅವರಿಗಾಗಿ ಹಗೇವಿನ ದೃಷ್ಟಾಂತವನ್ನು ತೆಗೆದುಕೊಳ್ಳುವಾ. ನೆಲವನ್ನಗೆದು, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಹಗೇವು ಈ ಎರೆಯ ಸೀಮೆಯ ಹಳೆಯ ಉಗ್ರಾಣ. ವರ್ಷಗಟ್ಟಲೆ ಕಾಳು ಅದರಲ್ಲಿ ಹುಳ ಹಿಡಿಯದೆ ಉಳಿಯುತ್ತಿತ್ತು. ಅದನ್ನು ತೆರೆದೊಡನೆ ಒಳಗಿಳಿಯಬಾರದು. ಬಾಯಿ ತೆರೆದು ಗಾಳಿಯಾಡಲು ಬಿಡಬೇಕು. ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಮನುಷ್ಯನೂ ಆರುವನು ಎಂಬದನ್ನು ಹಿರಿಯ ಒಕ್ಕಲಿಗನು ಯಾವ ಶಾಲೆಯಲ್ಲಿಯೂ ಕಲಿತದ್ದಲ್ಲ. ರಸಾಯನಶಾಸ್ತ್ರದ ಮಾಸ್ತರನು ಇದಕ್ಕೆ ಕಾರಣವನ್ನು ಹೇಳಬಲ್ಲನು: ಕಾಳೂ ಅದರೊಳಗಿನ ಹುಳವೂ ಉಸಿರಾಡುತ್ತವೆ, ಮುಚ್ಚಿದ ಕುಳಿಯಲ್ಲಿಯ ಆಮ್ಲಜನಕವನ್ನು ಕಳೆದು ಇಂಗಾಲದ ಡೈಆಕ್ಸೈಡನ್ನು ತುಂಬುತ್ತವೆ, ಗಾಳಿಗಿಂತ ಭಾರವಾದ ಆ ಅನಿಲವು ತಳದಲ್ಲಿ ನಿಲ್ಲುವದು, ಹುಳವನ್ನು ಕೊಂದು ಕಾಳನ್ನು ಕಾಯ್ದದ್ದು ಅದೇ, ಅವಸರಪಟ್ಟು ಇಳಿದವನ ಪ್ರಾಣ ತೆಗೆಯುವದೂ ಅದೇ. ಒಬ್ಬನಿಗೆ ರೀತಿ ಗೊತ್ತು, ಇನ್ನೊಬ್ಬನಿಗೆ ಕಾರಣ ಗೊತ್ತು. ಇಬ್ಬರಿಗೂ ಕಾಲು ಕಾಲು ತಾಸು ಕೊಟ್ಟು ಒಂದೇ ಸಂಜೆ ಒಬ್ಬರ ಹಿಂದೊಬ್ಬರನ್ನು ನಿಲ್ಲಿಸಿದರೆ ಕೇಳುವ ಹುಡುಗನು ಅರ್ಧ ತಾಸಿನಲ್ಲಿ ಕಲಿತದ್ದನ್ನು ಜನ್ಮವಿಡೀ ಮರೆಯಲಾರನು. ಹಗೇವುಗಳು ಈಗ ಬಹುಮಟ್ಟಿಗೆ ಮುಚ್ಚಿಹೋಗಿವೆಯೆಂಬದು ನಿಜ. ಆದರೆ ಹಾಳುಬಾವಿಗೂ ಮಲದ ಗುಂಡಿಗೂ ಇಳಿದು ಇದೇ ಬಗೆಯ ಗಾಳಿಗೆ ಬಲಿಯಾದವರ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.

ಇಂಥ ಜೋಡಿಗಳು ಈ ಸೀಮೆಯಲ್ಲಿ ಎಷ್ಟೋ ಸಿಗುವವು. ಬಾದಾಮಿಯ ಮರಳುಗಲ್ಲಿನಲ್ಲಿ ಬಾರದ ನುಣುಪು ಕೆತ್ತನೆ ಲಕ್ಕುಂಡಿಯಲ್ಲಿ ಹೇಗೆ ಬಂದಿತು? ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆದುವಾಗಿದ್ದು ಉಳಿಗೆ ಒಲಿಯುವದೆಂದು ಕಲ್ಲುಕುಟಿಗನೇ ಬಂದು ಹೇಳಲಿ. ಆ ಕಲ್ಲು ಹುಟ್ಟಿದ ಬಗೆಯನ್ನು ಭೂಗರ್ಭಶಾಸ್ತ್ರದವರು ಹೇಳಲಿ. ಬೆಟಗೇರಿಯ ನೇಕಾರನು ಮಗ್ಗದ ಲೆಕ್ಕವನ್ನು ಹೇಳಿದರೆ ಗಣಿತದ ಮಾಸ್ತರನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಹಿಮಾಲಯವನ್ನು ದಾಟಿ ಮಾಗಡಿಯ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳ ಕತೆಯುಂಟು. ಕಪ್ಪತಗುಡ್ಡದ ಔಷಧಿ ಗಿಡಗಳುಂಟು. ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯು ಕಂಡ ಬಾಣಂತಿತನದ ಕಷ್ಟಗಳುಂಟು. ಇದೇ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರೆಂದು ನಾವು ಹೆಮ್ಮೆಪಡುವೆವು; ಆದರೆ ಸಂಘದ ಜಮಾ-ಖರ್ಚನ್ನು ಓದಿ ತಿಳಿಯುವದು ಹೇಗೆಂದು ಸದಸ್ಯರಿಗೆ ಎಷ್ಟು ಸಭೆಗಳಲ್ಲಿ ವಿವರಿಸಿದ್ದೇವೆ?

ಗಡಿಯಾರದ ಕಟ್ಟಳೆಯನ್ನು ನಾವು ಒತ್ತಿ ಹೇಳುವದಕ್ಕೆ ಇನ್ನೊಂದು ಕಾರಣವಿದೆ. ಹೊತ್ತಿನ ಮಿತಿ ಇಲ್ಲದಲ್ಲಿ ದೊಡ್ಡವರು ಹೆಚ್ಚು ಹೊತ್ತು ಮಾತಾಡುವರು, ಸಣ್ಣವರು ‘ಎರಡೇ ಮಾತು’ ಆಡಿ ಕೂಡ್ರುವರು, ಹೆಣ್ಣುಮಕ್ಕಳು ಸ್ವಾಗತಗೀತವನ್ನು ಹಾಡಿ ಒಳಗೆ ಹೋಗುವರು. ಕುಲಪತಿಗೂ ಕುರಿ ಕಾಯುವವನಿಗೂ ಅದೇ ಹದಿನೈದು ನಿಮಿಷವೆಂದು ಗೊತ್ತುಮಾಡಿದರೆ, ಸಮಾನತೆಯ ಮೇಲೆ ಬೇರೊಂದು ಭಾಷಣ ಮಾಡಬೇಕಾಗಲಾರದು.

ಕಾಲು ತಾಸಿನಲ್ಲಿ ಜ್ಞಾನವು ತೆಳುವಾಗುವದಿಲ್ಲವೇ ಎಂದು ಕೇಳುವ ಹಿರಿಯರಿದ್ದಾರೆ. ಅವರ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಗದುಗಿನ ಭಾರತದ ಒಂದು ಸಂಧಿಯನ್ನು ಗಮಕಿಗಳು ವಾಚಿಸಬೇಕಾದರೆ ಇಡೀ ರಾತ್ರಿಯನ್ನೇ ಕೊಡಿರಿ. ಅದಕ್ಕೆ ಗಂಟೆ ಹಿಡಿದು ನಿಲ್ಲುವದು ಅರಸಿಕತನ. ಟೆಡ್ ಮಾದರಿಯ ಮಾತುಗಳಲ್ಲಿ ಬಹಳಷ್ಟು ನಾಟಕದ ಮೆರುಗಿಗೆ ಸೋತವುಗಳೆಂಬದನ್ನೂ ನಾವು ಬಲ್ಲೆವು. ಅಲ್ಲಿ ವಕ್ತಾರನು ಕೈಚಪ್ಪಾಳೆ ತೆಗೆದುಕೊಂಡು ಇಳಿದುಹೋಗುವನು. ಸಭಿಕರು ಅವನನ್ನು ಕೇಳುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಆದಕಾರಣ ಹೊಂಬಳದ ಸಂಜೆಯಲ್ಲಿ ಪ್ರತಿಯೊಂದು ವ್ಯಾಖ್ಯಾನದ ಹಿಂದೆ ಐದು ನಿಮಿಷ ಪ್ರಶ್ನೆಗಳಿಗೆ ಮೀಸಲಿರತಕ್ಕದ್ದು. ‘ಅದು ನಮ್ಮ ಹೊಲದಾಗ ಹಂಗ ಆಗೂದಿಲ್ಲರಿ’ ಎಂದು ಒಬ್ಬ ಒಕ್ಕಲಿಗನು ಎದ್ದು ಹೇಳಿದರೆ ಕೃಷಿಶಾಸ್ತ್ರಜ್ಞನಿಗೆ ಅದಕ್ಕಿಂತ ಹೆಚ್ಚಿನ ಸತ್ಕಾರ ಬೇರೆ ಬೇಕಾಗಿಲ್ಲ.

ಐದು ವ್ಯಾಖ್ಯಾನ, ಪ್ರಶ್ನೆಗಳು ಸೇರಿ ನೂರು ನಿಮಿಷ. ಏಳಕ್ಕೆ ಆರಂಭಿಸಿದರೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಮುಗಿಯುವದು. ದಿನವು ಸೋಮವಾರವಾಗಬಾರದು; ಅದು ಮಠದ ಶಿವಾನುಭವಕ್ಕೆ ಇರಲಿ. ಅಮಾವಾಸ್ಯೆ ಒಳ್ಳೆಯದು, ಅಂದು ಎತ್ತುಗಳ ಹೆಗಲಿಗೆ ನೊಗವಿಲ್ಲ, ಒಕ್ಕಲಿಗನಿಗೆ ಬಿಡುವು. ಹಿಂದಿನವರು ಸಭೆಗೆ ಹುಣ್ಣಿಮೆಯ ಬೆಳಕನ್ನು ನೋಡಬೇಕಾಗಿತ್ತು. ವಿದ್ಯುದ್ದೀಪವಿರುವ ನಮಗೆ ಆ ಚಿಂತೆಯಿಲ್ಲ. ಅಧ್ಯಕ್ಷರು ಬೇಡ, ಹಾರ ಬೇಡ, ಪರಿಚಯಕ್ಕೆ ಹೆಸರು-ಊರು-ಕಸುಬು ಸಾಕು. ಶಾಲೆಯ ಗಂಟೆಯನ್ನು ಏಳನೆಯ ಇಯತ್ತೆಯ ಹುಡುಗಿಯ ಕೈಗೆ ಕೊಡತಕ್ಕದ್ದು. ಅವಳು ಯಾರ ಮುಲಾಜಿಗೂ ಒಳಗಾಗಲಾರಳೆಂದು ನಮ್ಮ ನಂಬಿಗೆ.

ಇನ್ನೊಂದು ಮಾತು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿ, ಅವನ್ನು ಚಿಕ್ಕ ಚಿಕ್ಕ ಪುಸ್ತಕಗಳಾಗಿ ಅಚ್ಚುಹಾಕಿಸಿತು. ಆಡಿದ ಮಾತು ಗಾಳಿಗೆ ಹೋಗದೆ ಉಳಿದದ್ದು ಅದರಿಂದ. ಹೊಂಬಳದವರು ಪುಸ್ತಕ ಅಚ್ಚುಹಾಕಿಸಬೇಕೆಂದು ನಾವು ಹೇಳುವದಿಲ್ಲ. ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಒಂದು ದಪ್ಪ ವಹಿಯನ್ನಿಟ್ಟು, ಪ್ರತಿ ಸಂಜೆಯ ಐದು ಮಾತುಗಳನ್ನೂ ಕೇಳಿದ ಪ್ರಶ್ನೆಗಳನ್ನೂ ಒಳ್ಳೆಯ ಅಕ್ಷರದ ವಿದ್ಯಾರ್ಥಿಯಿಂದ ಬರೆಯಿಸಿದರಾಯಿತು. ಅದರ ಮೊದಲಿನ ಪುಟಗಳು ಯಾರ ಪಾಲಿಗೆಂಬದರಲ್ಲಿ ಚರ್ಚೆಗೆ ಎಡೆಯಿಲ್ಲ. ಹಗೇವಿಗೆ ಎಂಥ ನೆಲವನ್ನು ಆರಿಸುತ್ತಿದ್ದರು, ಎಷ್ಟು ಹೊತ್ತು ಬಾಯಿ ತೆರೆದಿಡುತ್ತಿದ್ದರು, ಬಿತ್ತುವ ಜೋಳವನ್ನು ಬೂದಿಯಲ್ಲಿ ಹೊರಳಿಸಿ ಬೇವಿನೆಲೆಯೊಡನೆ ತುಂಬಿಡುವಾಗ ಕಾಳು ಎಷ್ಟು ಒಣಗಿದೆಯೆಂಬದನ್ನು ಹಲ್ಲಿನಿಂದ ಹೇಗೆ ಅರಿಯುತ್ತಿದ್ದರು, ಇದನ್ನೆಲ್ಲ ಹೇಳಬಲ್ಲ ಅಜ್ಜಂದಿರೂ ಅಜ್ಜಿಯರೂ ಎಂಬತ್ತರ ಆಚೆ-ಈಚೆ ಇರುವರು. ಕುಲಪತಿಗಳ ಸರದಿ ಮುಂದಿನ ಅಮಾವಾಸ್ಯೆಗೆ ಬರಲಿ, ಅವರು ಕಾಯಬಲ್ಲರು.